ಗಾಳಿಪಟದ ಹಿಂದೆ ಓಡಿದವರು

ಗೆಳೆತನವನ್ನು ಕೊಂಡಾಡುವ ಕಥೆಗಳು ನಮಗೆ ಹೊಸವಲ್ಲ. ಆದರೆ ಆ ಗೆಳೆತನದಲ್ಲಿ ಯಾರಿಗಾಗಿ ಯಾರು ಓಡಿದರು ಎಂದು ಕೇಳುವ ಕಥೆಗಳು ವಿರಳ. 2003ರಲ್ಲಿ ಪ್ರಕಟವಾದ ‘ದಿ ಕೈಟ್ ರನ್ನರ್’ ಅಂತಹ ಒಂದು ಕಾದಂಬರಿ. ಕಾಬೂಲಿನಲ್ಲಿ ಜನಿಸಿ, ಅಮೆರಿಕೆಯಲ್ಲಿ ಆಶ್ರಯ ಪಡೆದು ವೈದ್ಯರಾದ ಖಾಲಿದ್ ಹೊಸೈನಿಯವರ ಮೊದಲ ಕೃತಿಯಿದು. ಕಾಲೇಜಿನಲ್ಲಿ ಓದುತ್ತಿರುವ ನನ್ನ ಮೊಮ್ಮಗಳು ಇದನ್ನು ನನ್ನ ಕೈಗಿತ್ತು, “ಅಜ್ಜಿ, ಗಾಳಿಪಟ ಇಲ್ಲಿ ಯಾವುದರ ಸಂಕೇತ?” ಎಂದು ಕೇಳಿದಳು. ಆ ಪ್ರಶ್ನೆಯೇ ಈ ಲೇಖನಕ್ಕೆ ಪ್ರೇರಣೆ.

ಅಮೀರ್ ಶ್ರೀಮಂತ ಪಷ್ತೂನ್ ಮನೆತನದ ಮಗ. ಹಸನ್ ಅದೇ ಮನೆಯ ಸೇವಕನ ಮಗ; ಸಮಾಜವು ಕೀಳೆಂದು ಕಂಡ ಹಜಾರಾ ಜನಾಂಗದವನು. ಇಬ್ಬರೂ ಒಬ್ಬಳೇ ದಾದಿಯ ಹಾಲುಂಡು ಬೆಳೆದವರು. ಆದರೂ ಒಬ್ಬನು ಶಾಲೆಗೆ ಹೋಗುತ್ತಾನೆ, ಇನ್ನೊಬ್ಬನು ಅವನ ಉಡುಪಿಗೆ ಇಸ್ತ್ರಿ ಹಾಕುತ್ತಾನೆ. 1975ರ ಚಳಿಗಾಲದ ಗಾಳಿಪಟ ಪಂದ್ಯದಲ್ಲಿ ಅಮೀರ್ ಗೆಲ್ಲುತ್ತಾನೆ. ಕೊನೆಯದಾಗಿ ಕತ್ತರಿಸಿ ಬಿದ್ದ ನೀಲಿ ಗಾಳಿಪಟವನ್ನು ಗೆಳೆಯನಿಗಾಗಿ ತರಲು ಹಸನ್ ಓಡುತ್ತಾನೆ. ಅದನ್ನು ಬಿಟ್ಟುಕೊಡಲೊಪ್ಪದೆ ಓಣಿಯೊಂದರಲ್ಲಿ ಪುಂಡರ ಅಮಾನುಷ ದೌರ್ಜನ್ಯಕ್ಕೆ ಗುರಿಯಾಗುತ್ತಾನೆ. ಮರೆಯಲ್ಲಿ ನಿಂತ ಅಮೀರ್ ಎಲ್ಲವನ್ನೂ ಕಂಡು, ಸದ್ದಿಲ್ಲದೆ ಓಡಿಹೋಗುತ್ತಾನೆ. ಗಾಜಿನ ಪುಡಿ ಬಳಿದ ದಾರದಿಂದ ಅವನ ಬೆರಳಿಗಾದ ಗಾಯ ಬೇಗನೆ ಮಾಗಿತು. ಮನಸ್ಸಿನ ಗಾಯ ಇಪ್ಪತ್ತಾರು ವರ್ಷ ಮಾಗಲಿಲ್ಲ.

ಇಲ್ಲಿ ನನಗೆ ನನ್ನ ತವರುಮನೆಯ ಅಂಗಳ ನೆನಪಾಗುತ್ತದೆ. ಗಳೆ ಹೊಡೆಯುವ ಆಳಿನ ಮಗಳು ನನ್ನ ಓರಗೆಯವಳು. ಚೆಂಡು ಬೇಲಿಯಾಚೆ ಬಿದ್ದಾಗ ತರಲು ಓಡುತ್ತಿದ್ದವಳು ಅವಳೇ. ಹಾಗೆಂದು ಯಾರೂ ವಿಧಿಸಿರಲಿಲ್ಲ. ಹಿರಿಯರಾರೂ ಅದನ್ನು ಗಮನಿಸಿಯೂ ಇರಲಿಲ್ಲ. ನಿಷ್ಠೆಯೆಂಬುದು ಕೆಳಗಿನಿಂದ ಮೇಲಕ್ಕೆ ಮಾತ್ರ ಹರಿಯುವಾಗ ಅದು ಯಾರ ಕಣ್ಣಿಗೂ ಬೀಳುವುದಿಲ್ಲ.

ಕಾದಂಬರಿಯ ಎರಡನೆಯ ಸಂಕೇತ ದಾಳಿಂಬೆ ಮರ. ಬಾಲ್ಯದಲ್ಲಿ ಅಮೀರ್ ಅದರ ಕಾಂಡದ ಮೇಲೆ ತಮ್ಮಿಬ್ಬರ ಹೆಸರುಗಳನ್ನು ಕೆತ್ತಿದ್ದನು. ಅದರ ನೆರಳಿನಲ್ಲಿ ಅಮೀರ್, ಅಕ್ಷರವರಿಯದ ಹಸನನಿಗೆ ‘ಶಾಹನಾಮೆ’ಯ ರುಸ್ತುಮ್-ಸೊಹ್ರಾಬರ ಕಥೆಯನ್ನು ಓದಿ ಹೇಳುತ್ತಿದ್ದನು. ಆ ಘಟನೆಯ ಅನಂತರ ಅಮೀರ್ ದಾಳಿಂಬೆ ಹಣ್ಣುಗಳನ್ನು ಹಸನನಿಗೆ ಎಸೆದು, ತಿರುಗಿ ಹೊಡೆಯೆಂದು ಕೆಣಕುತ್ತಾನೆ. ಹಸನ್ ಮಾತ್ರ ಹಣ್ಣೊಂದನ್ನು ತನ್ನ ಹಣೆಗೇ ಅಪ್ಪಳಿಸಿಕೊಳ್ಳುತ್ತಾನೆ. ಅಪರಾಧಪ್ರಜ್ಞೆ ಶಿಕ್ಷೆಯನ್ನು ಬೇಡುತ್ತದೆ. ಪ್ರೀತಿ ಶಿಕ್ಷಿಸಲು ಒಪ್ಪುವುದಿಲ್ಲ. ಆ ಕ್ಷಮೆಯನ್ನು ಸಹಿಸಲಾರದೆ ಅಮೀರ್ ಅವನ ಮೇಲೆ ಕಳ್ಳತನದ ಆರೋಪ ಹೊರಿಸಿ, ತಂದೆ-ಮಗ ಮನೆ ಬಿಡುವಂತೆ ಮಾಡುತ್ತಾನೆ. 2001ರಲ್ಲಿ ಅವನು ಕಾಬೂಲಿಗೆ ಮರಳಿದಾಗ ಮರ ಬರಡಾಗಿದೆ, ಆದರೆ ಮಸುಕಾದ ಹೆಸರುಗಳು ಉಳಿದಿವೆ.

ಮೂರನೆಯದು ತುಟಿಯ ಗುರುತು. ಹಸನ್ ಸೀಳುತುಟಿಯೊಡನೆ ಹುಟ್ಟಿದವನು. ಅಮೀರನ ತಂದೆ ಶಸ್ತ್ರಚಿಕಿತ್ಸೆ ಮಾಡಿಸಿದಾಗ ಅದು ಗೆರೆಯಾಗಿ ಉಳಿಯಿತು. ಹಸನ್ ತನ್ನ ಮಲಸಹೋದರನೆಂದೂ ಅವನೀಗ ಕೊಲೆಯಾಗಿಹೋಗಿದ್ದಾನೆಂದೂ ಅರಿತ ಅಮೀರ್, ಅವನ ಮಗ ಸೊಹ್ರಾಬನನ್ನು ಬಿಡಿಸಿ ತರಲು ಹೋಗಿ ಹೊಡೆತ ತಿನ್ನುತ್ತಾನೆ. ಆಗ ಅವನ ಮೇಲ್ತುಟಿಯೇ ಸೀಳುತ್ತದೆ. ಅಲ್ಲಿಯೂ ಅವನನ್ನು ಉಳಿಸುವುದು ಸೊಹ್ರಾಬನ ಕವಣೆ. ಹಿಂದೆ ಹಸನ್ ಎತ್ತಿದ್ದ ಕವಣೆಯನ್ನು ಈಗ ಮಗ ಎತ್ತಿದನು. ಋಣ ತೀರಿಸಲು ಹೋದವನು ಮತ್ತೊಮ್ಮೆ ಋಣಿಯಾದನು!

ಕೊನೆಯ ದೃಶ್ಯ 2002ರ ವಸಂತದಲ್ಲಿ, ಅಮೆರಿಕೆಯ ಫ್ರೀಮಾಂಟಿನ ಉದ್ಯಾನದಲ್ಲಿ. ತಿಂಗಳುಗಳಿಂದ ಮೌನವಾಗಿರುವ ಸೊಹ್ರಾಬನೊಡನೆ ಅಮೀರ್ ಗಾಳಿಪಟ ಹಾರಿಸುತ್ತಾನೆ. ಎದುರಾಳಿಯ ಪಟ ಕತ್ತರಿಸಿದಾಗ ಹುಡುಗನ ತುಟಿಯ ಅಂಚಿನಲ್ಲಿ ಕ್ಷಣಕಾಲ ನಗೆಯೊಂದು ಮೂಡುತ್ತದೆ. ಆ ಪಟವನ್ನು ತರಲು ಅಮೀರ್ ಓಡುತ್ತಾನೆ. ಸತ್ತವನು ಮರಳುವುದಿಲ್ಲ, ಮಗುವಿನ ದುಃಖವೂ ತೀರಿಲ್ಲ. ಆದರೆ ಓಟದ ದಿಕ್ಕು ಬದಲಾಗಿದೆ. ಒಡೆಯನ ಮಗ ಸೇವಕನ ಮೊಮ್ಮಗನೆನಿಸಿದವನಿಗಾಗಿ ಓಡುತ್ತಿದ್ದಾನೆ.

ಪಶ್ಚಾತ್ತಾಪವೆಂದರೆ ಕಣ್ಣೀರಲ್ಲ, ಈ ಓಟ. ತಾಯಂದಿರೇ, ನಮ್ಮ ಮಕ್ಕಳು ಆಡುವಾಗ ಯಾರು ಗೆದ್ದರೆಂದು ಕೇಳುತ್ತೇವೆ. ಬಿದ್ದುದನ್ನು ಹೆಕ್ಕಿ ತರಲು ಪ್ರತಿ ಬಾರಿಯೂ ಓಡಿದವರು ಯಾರೆಂದೂ ಕೇಳೋಣ.