ಎರಡು ಬಗೆ, ಒಂದು ದನಿ

ಚಿಮ್ಮಡದ ಸೀಮೆಯಲ್ಲಿ ಶ್ರೀಕೃಷ್ಣ ಪಾರಿಜಾತವೆಂದರೆ ಇರುಳೆಲ್ಲ ಜಾಗರಣೆ. ಸತ್ಯಭಾಮೆಯ ಮುನಿಸು ಕಡೆಯ ಸಾಲಿನ ಮುದುಕಿಗೂ ಕೇಳಿಸಬೇಕಾದರೆ ಧ್ವನಿವರ್ಧಕ ಬೇಕು. ಒಂದು ಕಾಲಕ್ಕೆ ಅದರ ಜೀವವೆಲ್ಲ ಕೆಂಪಗೆ ಉರಿಯುವ ವಾಲ್ವುಗಳಲ್ಲಿತ್ತು. ಟ್ರಾನ್ಸಿಸ್ಟರು ಬಂದು ಅವುಗಳನ್ನು ಮೂಲೆಗೊತ್ತಿತು. ಗಿಟಾರಿನವರು ಮಾತ್ರ ಕೈಬಿಡಲಿಲ್ಲ. ದಣಿದ ವಾಲ್ವಿನ ಸ್ವರ ಒಮ್ಮೆಗೇ ಒಡೆಯದೆ, ಹಾಡುಗಾರನ ಗಂಟಲಿನಂತೆ ಮೆಲ್ಲಮೆಲ್ಲನೆ ಬಿರುಸಾಗುತ್ತದೆಂಬುದು ಅವರ ವಾದ.

ಧ್ವನಿವರ್ಧಕವನ್ನು ಕೈಯಾರೆ ಕಟ್ಟುವ ಕೆಲವರಿಗಂತೂ ಒಂದೇ ಜಾತಿಯ ವಾಲ್ವು ಸಾಲದು. 1936ರಲ್ಲಿ ಅಮೆರಿಕದ ಆರ್‌ಸಿಎ ಹೊರತಂದ 6ಎಲ್6 ತುಂಬುದನಿಯದು. ಯುರೋಪಿನ ಇಎಲ್34 ನಡುಸ್ಥಾಯಿಯಲ್ಲಿ ಮುನ್ನುಗ್ಗುವಂಥದು. ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ ಕೂಡಿಸಬಾರದೇಕೆ? ಕೂಡಿಸಬಹುದು. ಆದರೆ ಕಾವಿಗೆ ಮೊದಲನೆಯದು 0.9 ಆಂಪಿಯರಿನಲ್ಲಿ ತೃಪ್ತ; ಎರಡನೆಯದು 1.5 ಕೇಳುತ್ತದೆ. ಗ್ರಿಡ್ಡಿನ ಋಣವಿದ್ಯುತ್ತನ್ನೂ ಒಂದೊಂದಕ್ಕೆ ಬೇರೆಬೇರೆಯಾಗಿ ಹೊಂದಿಸಬೇಕು. ಸಮಾನತೆಯ ಹೆಸರಿನಲ್ಲಿ ಒಂದೇ ಅಳತೆ ಬಡಿಸಿದರೆ ಒಬ್ಬನಿಗೆ ಉಪವಾಸ, ಇನ್ನೊಬ್ಬನಿಗೆ ಅಜೀರ್ಣ! ಇಬ್ಬರು ಮಡದಿಯರ ನಡುವೆ ಒಂದೇ ಹೂವನ್ನು ಹಿಡಿದ ಕೃಷ್ಣನಿಗೆ ಈ ಪಾಠವನ್ನು ಯಾರೂ ಹೇಳಿಕೊಡಬೇಕಿಲ್ಲ.

ವಾಲ್ವುಗಳೆಲ್ಲ ಪರದೇಶದವೆಂದು ತಿಳಿಯಬೇಕಾಗಿಲ್ಲ. 1954ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯೂ ಇವುಗಳ ಕಿರಿಯ ಬಂಧುವಾದ ಇಎಲ್84ನ್ನು ತಯಾರಿಸುತ್ತಿತ್ತು. ರೇಡಿಯೋ ವಾಲ್ವುಗಳ ಆ ತಯಾರಿಕೆ ನಿಂತುಹೋಗಿದೆ. ಉಳಿದವು ಅಟ್ಟದ ಮೇಲಿನ ಹಳೆಯ ರೇಡಿಯೋಗಳಲ್ಲಿ, ಧೂಳು ಹಿಡಿದ ಪೆಟ್ಟಿಗೆಗಳಲ್ಲಿ ಮಲಗಿವೆ. ಗುಜರಿಯವನು ತಕ್ಕಡಿ ಹಿಡಿದು ಬಾಗಿಲಿಗೆ ಬಂದಾಗ ಮನೆಯವರು ಆ ಗಾಜನ್ನೊಮ್ಮೆ ಒರೆಸಿ, ಮೇಲಿನ ಅಕ್ಷರವನ್ನು ಓದಿ ನೋಡಲಿ. ತೂಕದಲ್ಲಿ ಅದು ಏನೂ ಅಲ್ಲ; ಒಡೆದರೆ ಮಾತ್ರ, ಬೆಂಗಳೂರಿನಲ್ಲಿ ಹುಟ್ಟಿದ ಮತ್ತೊಂದು ಬರಲಾರದು.