ಅಮ್ಮನಿಗೆ ಸೀಟಿಲ್ಲದ ಯೆಜ್ಡಿ

ಮೂರು ತಿಂಗಳಿಂದ ನಮ್ಮ ಮನೆಯಲ್ಲಿ ಒಂದೇ ಚರ್ಚೆ. ಅಪ್ಪ ಬಿಟ್ಟುಹೋದ ಯೆಜ್ಡಿ ರೋಡ್‌ಕಿಂಗನ್ನು ಮಾರುವುದೋ, ಇಟ್ಟುಕೊಳ್ಳುವುದೋ? ಮಾರಿದ ಹಣಕ್ಕೆ ಸಾಲ ಸೇರಿಸಿದರೆ ಒಂದು ಟೂರಿಂಗ್ ಬೈಕ್ ಬರುತ್ತದೆ. ನಾವು ಅಣ್ಣತಮ್ಮ ಇಬ್ಬರು. ಒಬ್ಬರಿಗೆ ಪತ್ರಿಕೆಯ ಕೆಲಸ, ಇನ್ನೊಬ್ಬರಿಗೆ ಬಿ.ಸಿ.ರೋಡಿನ ಅಂಗಡಿಯಲ್ಲಿ ಕೆಲಸ. ಗಾಡಿ ಇಬ್ಬರದ್ದೂ.

ಇದು 1990ರ ಗಾಡಿ, ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯದ್ದು. ಆ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಕಿಕ್ಕರ್, ಗೇರ್ ಎರಡಕ್ಕೂ ಒಂದೇ ಲಿವರ್. ಡಿಪ್ಲೊಮಾ ಮುಗಿಸಿದ ವರ್ಷ ನಾವು ಇದರ ಉದ್ದ ಸೀಟು ಕತ್ತರಿಸಿ ಒಬ್ಬರೇ ಕೂರುವ ಹಾಗೆ ಮಾಡಿಸಿದೆವು. ಎರಡು ಸೈಲೆನ್ಸರ್ ತೆಗೆದು ಸದ್ದಿನವು ಹಾಕಿಸಿದೆವು. ಅಪ್ಪ ಬೈಯಲಿಲ್ಲ. "ಇನ್ನು ಅಮ್ಮ ಎಲ್ಲಿ ಕೂರುವುದು?" ಎಂದು ಮಾತ್ರ ಕೇಳಿದರು. ನಾವು ನಕ್ಕೆವು.

ಕಳೆದ ಮಳೆಗಾಲದ ಒಂದು ರಾತ್ರಿ ಅಮ್ಮನಿಗೆ ಉಸಿರು ಕಟ್ಟಿತು. ಗಾಡಿ ಅಂಗಳದಲ್ಲೇ ಇತ್ತು, ಪೆಟ್ರೋಲೂ ಇತ್ತು. ಕೂರಿಸಲು ಜಾಗ ಇರಲಿಲ್ಲ. ಫರಂಗಿಪೇಟೆಯ ಹೆದ್ದಾರಿಗೆ ನಡೆದು ರಿಕ್ಷಾ ಹುಡುಕಲು ಅರ್ಧ ಗಂಟೆ ಹೋಯಿತು. ಅಮ್ಮ ಹುಷಾರಾದರು. ನಮಗೆ ಮಾತ್ರ ಅಪ್ಪನ ಪ್ರಶ್ನೆ ಮರೆಯಲಾಗಲಿಲ್ಲ.

ಟೂರಿಂಗ್ ಬೈಕಿನ ಆಸೆ ಸುಳ್ಳಲ್ಲ. ಬೆಳಿಗ್ಗೆ ಮೂಡುಬಿದಿರೆ, ಮಧ್ಯಾಹ್ನ ಬೆಳ್ತಂಗಡಿ, ಘಾಟಿಯಲ್ಲಿ ಗುಡ್ಡ ಜರಿದರೆ ಚಾರ್ಮಾಡಿ. ಸಂಜೆಗೆ ಸೊಂಟ ನಮ್ಮದಲ್ಲ. ಆದರೆ ಆ ಗಾಡಿ ರಸ್ತೆಗಿಳಿಯುವಾಗ ಮೂರು ಲಕ್ಷ ದಾಟುತ್ತದೆ. ನಮಗೆ ಸಿಗುವುದು ಸುದ್ದಿಗಿಷ್ಟು ಎಂಬ ಲೆಕ್ಕ. ಅಮ್ಮನನ್ನೂ ಶೋರೂಮಿಗೆ ಕರೆದುಕೊಂಡು ಹೋದೆವು. ಹಿಂದಿನ ಸೀಟು ಅವರ ಎದೆಮಟ್ಟ. ಹೆಗಲು ಹಿಡಿದರೂ ಹತ್ತಲಾಗಲಿಲ್ಲ.

ಅಷ್ಟರಲ್ಲಿ ಆರ್‌ಸಿ ನವೀಕರಣದ ದಿನ ಹತ್ತಿರ ಬಂತು. ಸ್ವಂತ ಬಳಕೆಯ ಬೈಕಿಗೆ 15 ವರ್ಷ ಆದ ಮೇಲೆ ಐದೈದು ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿ ನವೀಕರಿಸಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಕಂಪನಿ ಕೊಟ್ಟ ಮೂಲ ವಿವರಕ್ಕೆ ಹೊಂದದಂತೆ ಗಾಡಿಯನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿತು. ಕರ್ಕಶ ಸೈಲೆನ್ಸರಿಗೆ ಪೊಲೀಸರು ದಂಡ ಹಾಕಿದ ಸುದ್ದಿ ಕಳುಹಿಸಿದ್ದು ನಾವೇ. ಅದೇ ಸದ್ದು ಮಾಡಿಕೊಂಡು ಮನೆಗೆ ಬಂದದ್ದೂ ನಾವೇ.

ಕೊಳ್ಳಲು ಬಂದವರೂ ಕೇಳಿದ್ದು ಒಂದೇ: "ಹಳೆ ಸೀಟು, ಹಳೆ ಸೈಲೆನ್ಸರ್ ಉಂಟಾ?" ನಾವು ದುಡ್ಡು ಸುರಿದು ಮಾಡಿಸಿದ್ದಕ್ಕೆ ಯಾರೂ ಬೆಲೆ ಕಟ್ಟಲಿಲ್ಲ, ಅದರಿಂದಲೇ ಬೆಲೆ ಇಳಿಸಿದರು. ಮಾರುವುದಿದ್ದರೂ ಇಟ್ಟುಕೊಳ್ಳುವುದಿದ್ದರೂ ಮೊದಲು ಮಾಡಬೇಕಾದ ಕೆಲಸ ಒಂದೇ ಎಂದು ಆಗ ಗೊತ್ತಾಯಿತು.

ಮೂಲ ಸೈಲೆನ್ಸರ್ ಅಟ್ಟದಲ್ಲಿ ಸಿಕ್ಕಿತು, ಅಪ್ಪ ಎಣ್ಣೆ ಹಚ್ಚಿ ಗೋಣಿಯಲ್ಲಿ ಸುತ್ತಿಟ್ಟಿದ್ದರು. ಉದ್ದ ಸೀಟು ಹೊಸದಾಗಿ ಹೊಲಿಸಿದೆವು. ಒಟ್ಟು ಖರ್ಚು ಟೂರಿಂಗ್ ಬೈಕಿನ ಎರಡು ಕಂತಿನಷ್ಟು. ತಪಾಸಣೆಯೂ ಮುಗಿಯಿತು.

ಸೊಂಟ ನೋವು ಹಾಗೆಯೇ ಉಂಟು. ಟೂರಿಂಗ್ ಬೈಕ್ ಮುಂದೆ ನೋಡುವ. ಸದ್ಯಕ್ಕೆ ಯೆಜ್ಡಿ ಮಾರುವುದಿಲ್ಲ.

ಮೊನ್ನೆ ಭಾನುವಾರ ಅಮ್ಮ ಹೆಲ್ಮೆಟ್ ಹಾಕಿ ಹಿಂದೆ ಕೂತು ಸಿದ್ದಕಟ್ಟೆ ದಾರಿಯಲ್ಲಿ ಮೂಡುಬಿದಿರೆಗೆ ಹೋದರು. ನಮ್ಮಲ್ಲೊಬ್ಬರು ಗಾಡಿ ಬಿಟ್ಟರು, ಇನ್ನೊಬ್ಬರು ಬಸ್ಸಿನಲ್ಲಿ ಹೋದರು. ನಿಮ್ಮ ಗಾಡಿಯ ಸೀಟು ಕತ್ತರಿಸುವ ಮೊದಲು ಮನೆಯಲ್ಲಿ ಒಂದು ಮಾತು ಕೇಳಿ.