ಬಿಸ್ಕೆಟ್‌ನ ಮುಂದಿನ ಐವತ್ತು ವರ್ಷ

ಅರಿಜೋನಾದ ಫೀನಿಕ್ಸ್ ಸುತ್ತಮುತ್ತಲಿನ ಊರುಗಳಲ್ಲಿ ಮನೆಗಳ ಹಿತ್ತಿಲಿಗೆಲ್ಲ ಆಳೆತ್ತರದ ಕಾಂಕ್ರೀಟ್ ಇಟ್ಟಿಗೆಯ ಗೋಡೆ ಇರುತ್ತದೆ. ಗೋಡೆಯಾಚೆ ಯಾರಿದ್ದಾರೆ, ಏನಿದೆ ಎಂಬುದು ವರ್ಷ ಕಳೆದರೂ ತಿಳಿಯುವುದಿಲ್ಲ. ನಾವು ಚಾಂಡ್ಲರ್‌ನ ಈ ಬಾಡಿಗೆ ಮನೆಗೆ ಬಂದ ಮೊದಲ ಬೇಸಿಗೆಯಲ್ಲಿ ಆ ಬದಿಯಿಂದ ದಿನಾ ಬೆಳಿಗ್ಗೆ ಯಾರೋ ಗಾರೆ ಕೆರೆಯುವಂಥ ಸದ್ದು ಬರುತ್ತಿತ್ತು. ಪಕ್ಕದ ಮನೆಯ ಅಜ್ಜಿ ಏನೋ ರಿಪೇರಿ ಮಾಡಿಸುತ್ತಿದ್ದಾರೆ ಅಂದುಕೊಂಡಿದ್ದೆ. ಒಂದು ದಿನ ಅವರೇ ಹಿತ್ತಿಲ ಬಾಗಿಲು ತೆಗೆದು ತೋರಿಸಿದರು. ಕೆರೆಯುತ್ತಿದ್ದದ್ದು ಬಿಸ್ಕೆಟ್ ಎಂಬ ಹೆಸರಿನ ಆಮೆ. ತೂಕ 42 ಕೆಜಿ. ಅಜ್ಜಿಯ ಗಂಡ 22 ವರ್ಷದ ಹಿಂದೆ ಮಗನ ಹುಟ್ಟುಹಬ್ಬಕ್ಕೆಂದು ತಂದಾಗ ಅದು ಬಿಸ್ಕೆಟ್‌ನಷ್ಟೇ ಇತ್ತಂತೆ. ಹೆಸರು ಹಾಗೇ ಉಳಿಯಿತು, ಗಾತ್ರ ಉಳಿಯಲಿಲ್ಲ. ಗಂಡ ತೀರಿಕೊಂಡರು. ಮಗ ಸಿಯಾಟಲ್‌ನ ಮೂರನೇ ಮಹಡಿಯ ಅಪಾರ್ಟ್‌ಮೆಂಟಿನಲ್ಲಿದ್ದಾನೆ. ಆಮೆ ಮಾತ್ರ ಎಲ್ಲಿಗೂ ಹೋಗಲಿಲ್ಲ.

ಇದರ ಜಾತಿ ಸುಲ್ಕಾಟಾ. ಸಹಾರಾ ಮರುಭೂಮಿಯ ದಕ್ಷಿಣದ ಅಂಚಿನಲ್ಲಿರುವ ಸಾಹೆಲ್ ಪ್ರದೇಶದ ಪ್ರಾಣಿ. ಗಲಾಪಗೋಸ್ ಮತ್ತು ಅಲ್ಡಾಬ್ರಾ ದ್ವೀಪಗಳ ಆಮೆಗಳನ್ನು ಬಿಟ್ಟರೆ ನೆಲದ ಆಮೆಗಳಲ್ಲಿ ಇದೇ ದೊಡ್ಡದು. ಚೆನ್ನಾಗಿ ನೋಡಿಕೊಂಡರೆ 70 ವರ್ಷ ದಾಟಬಲ್ಲದು. ಹುಟ್ಟಿದೂರಿನಲ್ಲಿ ಅದು ಅಳಿವಿನಂಚಿನ ಪಟ್ಟಿಯಲ್ಲಿದೆ. ಕಾಡಿನಿಂದ ಹಿಡಿದದ್ದನ್ನು ವ್ಯಾಪಾರಕ್ಕೆಂದು ಹೊರದೇಶಕ್ಕೆ ಕಳಿಸುವಂತಿಲ್ಲ. 2000ನೇ ಇಸವಿಯಿಂದ ಅದರ ಕೋಟಾ ಸೊನ್ನೆ. ಆದರೆ ಸಾಕಿದ ಕಡೆ ಮೊಟ್ಟೆಯಿಟ್ಟು ಮರಿಮಾಡುವುದು ಸಲೀಸಾದ್ದರಿಂದ ಅಮೆರಿಕದಲ್ಲಿ ಮರಿಗಳು ಅಗ್ಗಕ್ಕೆ ಸಿಗುತ್ತವೆ. ಅಂಗೈ ಮೇಲಿನ ಮರಿ ನೋಡಿ ಕೊಳ್ಳುವವರು ಹತ್ತು ಹದಿನೈದು ವರ್ಷದಲ್ಲಿ ಅದು ಊಟದ ಟೇಬಲ್ಲನ್ನು ತಳ್ಳಿಕೊಂಡು ಹೋಗುತ್ತದೆ ಎಂದು ಎಣಿಸಿರುವುದಿಲ್ಲ. ಹಾಗಾಗಿ ಅಲ್ಲಿ ಇಲ್ಲವಾಗುತ್ತಿರುವ ಪ್ರಾಣಿ ಇಲ್ಲಿ ಬೇಡದ ಪ್ರಾಣಿಯಾಗಿದೆ. ಸರೀಸೃಪಗಳಿಗೆ ಆಸರೆ ಕೊಡುವ ಇಲ್ಲಿನ ಜಾಗಗಳಿಗೆ ಹೋದರೆ ಸುಲ್ಕಾಟಾಗಳು ಬಂಡೆಗಳ ಹಾಗೆ ಸಾಲಾಗಿ ಕೂತಿರುತ್ತವೆ.

ಅಜ್ಜಿಗೆ ಮಂಡಿ ಕೆಟ್ಟ ಮೇಲೆ ಶನಿವಾರ ಭಾನುವಾರದ ಕೆಲಸ ನನ್ನ ಪಾಲಿಗೆ ಬಂತು. ಮೊದಲ ದಿನವೇ ನಗು ಬಂದದ್ದು ಅದರ ಮುಖ್ಯ ಆಹಾರ ಕಂಡು. ಇವರು ಬರ್ಮುಡಾ ಗ್ರಾಸ್ ಅನ್ನುವುದು ನಮ್ಮ ಗರಿಕೆಯೇ! ಗಣೇಶನ ಹಬ್ಬದ ದಿನ ಇಪ್ಪತ್ತೊಂದು ಎಳೆ ಹುಡುಕಲು ಬೀದಿ ಬೀದಿ ಅಲೆದವಳ ಮುಂದೆ ಹಿತ್ತಿಲು ತುಂಬ ಗರಿಕೆ, ಅದರ ನಡುವೆ ನಿಧಾನಕ್ಕೆ ಮೇಯುವ ಆಮೆ. ಸುಲ್ಕಾಟಾದ ಹೊಟ್ಟೆ ದನದ ಹೊಟ್ಟೆಯಂಥದ್ದು ಅಂದರೆ ಅರ್ಥವಾಗುತ್ತದೆ. ನಾರೇ ಅದಕ್ಕೆ ಅನ್ನ. ತಿನ್ನುವುದರಲ್ಲಿ ನೂರಕ್ಕೆ ಎಂಬತ್ತು ಪಾಲಿಗೂ ಹೆಚ್ಚು ಹುಲ್ಲೇ ಇರಬೇಕು, ಹಸಿಯಾಗಲಿ ಒಣಗಿದ್ದಾಗಲಿ. ಅದರ ಮೇಲೆ ದಾಸವಾಳದ ಎಲೆ ಹೂವು, ಮುಳ್ಳು ತೆಗೆದ ಪಾಪಾಸುಕಳ್ಳಿ, ಹಿಪ್ಪುನೇರಳೆ ಸೊಪ್ಪು. ಹಣ್ಣು ಬೇಡ, ಸಕ್ಕರೆ ಹೋದರೆ ಕರುಳಿನಲ್ಲಿ ಹುಲ್ಲು ಕೊಳೆಸಿ ಅರಗಿಸುವ ಸೂಕ್ಷ್ಮಜೀವಿಗಳ ಲೆಕ್ಕ ಕೆಟ್ಟು ಭೇದಿ ಶುರುವಾಗುತ್ತದೆ. ಬೇಳೆ ಕಾಳು, ನಾಯಿಗೆ ಹಾಕುವ ತಿಂಡಿ ಬೇಡ. ಅಷ್ಟು ಪ್ರೋಟೀನ್ ಅದರ ಮೂತ್ರಪಿಂಡಕ್ಕೆ ಭಾರ. ಪಾಲಕ್ ಸೊಪ್ಪು ದಿನಾ ಕೊಟ್ಟರೆ ಅದರ ಆಕ್ಸಲೇಟ್ ಸುಣ್ಣದಂಶವನ್ನು ಹಿಡಿದಿಟ್ಟುಕೊಳ್ಳುತ್ತದೆ, ಚಿಪ್ಪಿಗೆ ಸಿಗುವುದಿಲ್ಲ. ಸುಣ್ಣಕ್ಕೆಂದು ಒಂದು ಕಟ್ಲ್‌ಬೋನ್ ಹುಲ್ಲಿನಲ್ಲಿ ಬಿದ್ದಿರುತ್ತದೆ. ಬೇಕೆನಿಸಿದಾಗ ಬಂದು ಕಡಿಯುತ್ತದೆ.

ಇದೆಲ್ಲ ಓದಲು ಸುಲಭ. ಕಷ್ಟ ಬರುವುದು ಎದುರಿಗೆ ನಿಂತಾಗ. ಬಿಸ್ಕೆಟ್ ಬಾಳೆಹಣ್ಣಿನ ವಾಸನೆಗೆ ಹಿತ್ತಿಲಿನ ಆ ತುದಿಯಿಂದ ಈ ತುದಿಗೆ ಬರುತ್ತದೆ, ಕತ್ತು ಚಾಚುತ್ತದೆ, ಕಣ್ಣು ಮಿಟುಕಿಸುತ್ತದೆ. ಮನೆಗೆ ಬಂದವರಿಗೆ ನೀರು ಕೇಳುವ ಮೊದಲೇ ಊಟ ಆಯ್ತಾ ಅನ್ನುವ ಊರಿನವರು ನಾವು. ಅದರ ಮುಂದೆ ಬರಿಗೈಯಲ್ಲಿ ನಿಲ್ಲುವುದು ನಮ್ಮ ಮೈಗೆ ಹತ್ತಿದ ಅಭ್ಯಾಸವಲ್ಲ.

ಆ ವರ್ಷ ಅಮ್ಮ ಶಿಡ್ಲಘಟ್ಟದಿಂದ ಆರು ತಿಂಗಳಿಗೆ ಬಂದಳು. ಎರಡನೇ ದಿನವೇ ಬಿಸ್ಕೆಟ್‌ಗೆ ಕೂರ್ಮಪ್ಪ ಎಂದು ಹೆಸರಿಟ್ಟು ಬೆಳಿಗ್ಗೆ ಕೈಮುಗಿಯತೊಡಗಿದಳು. ಅದರಿಂದ ಯಾರಿಗೂ ತೊಂದರೆಯಿರಲಿಲ್ಲ. ಮೂರನೇ ದಿನ ತಟ್ಟೆಯಲ್ಲಿ ಬೆಲ್ಲ ಹಾಕಿದ ಅವಲಕ್ಕಿ, ಎರಡು ಬಾಳೆಹಣ್ಣು ಹಿಡಿದು ಹೊರಟಿದ್ದಳು. ತಡೆದೆ.

"ದೇವರ ಪ್ರಾಣಿ ಕಣೆ. ಒಂದು ಹಣ್ಣು ತಿಂದ್ರೆ ಏನಾಗೋಗುತ್ತೆ? ಬರೀ ಹುಲ್ಲು ಹಾಕಿ ಸಾಯಿಸ್ತೀರಲ್ಲ."

ನಾರು, ಸಕ್ಕರೆ, ಸೂಕ್ಷ್ಮಜೀವಿ ಎಂದೆಲ್ಲ ಹೇಳಿದೆ. ಕಿವಿಗೆ ಬೀಳಲಿಲ್ಲ. ಎರಡು ದಿನ ನನ್ನ ಜೊತೆ ಮಾತೂ ಇರಲಿಲ್ಲ. ಕೊನೆಗೆ ಕೇಳಿದೆ, "ಅಮ್ಮ, ಜ್ವರಕ್ಕೆ ಕೂತ ಹುಳಕ್ಕೆ ನೀನು ಸೊಪ್ಪು ಹಾಕ್ತಿದ್ಯಾ?"

ನಮ್ಮ ಮನೆಯಲ್ಲಿ ಮೂವತ್ತು ವರ್ಷ ರೇಷ್ಮೆ ಹುಳ ಸಾಕಿದ್ದಾರೆ. ಹುಳ ಪೊರೆ ಬಿಡುವ ಹೊತ್ತಿಗೆ ತಲೆಯೆತ್ತಿ ಅಲ್ಲಾಡದೆ ಕೂರುತ್ತದೆ. ಅದನ್ನೇ ನಮ್ಮ ಕಡೆ ಜ್ವರ ಅನ್ನುವುದು. ಆಗ ಸೊಪ್ಪು ಹಾಕಬಾರದು. ಒದ್ದೆ ಸೊಪ್ಪು ಯಾವತ್ತೂ ಹಾಕಬಾರದು. ಔಷಧಿ ಹೊಡೆದ ತೋಟದ ಸೊಪ್ಪು ಒಂದು ಹೊರೆ ಬಂದರೆ ಇಡೀ ಬೆಳೆ ಒಂದೇ ರಾತ್ರಿಗೆ ಹೋಗುತ್ತದೆ. ಹುಳಕ್ಕೆ ಪಾಯಸ ಕೊಡೋಣ ಎಂದು ಆ ಮೂವತ್ತು ವರ್ಷದಲ್ಲಿ ಅಮ್ಮನಿಗೆ ಒಮ್ಮೆಯೂ ಅನ್ನಿಸಿರಲಾರದು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹುಳ ನಮ್ಮ ಹೊಟ್ಟೆಪಾಡು. ಇದು ಪ್ರೀತಿಗೆ ಸಾಕಿದ್ದು" ಅಂದಳು. ಮತ್ತೂ ಸ್ವಲ್ಪ ಹೊತ್ತು ಬಿಟ್ಟು, "ಹೊಟ್ಟೆಪಾಡಿಂದ ಆದ್ರೆ ಹುಷಾರಾಗಿ ನೋಡ್ಕೋತೀವಿ, ಅಲ್ವಾ?" ಎಂದಳು. ಸಾಕುಪ್ರಾಣಿಗಳ ಬಗ್ಗೆ ನಾನು ಓದಿದ ಯಾವ ಪುಸ್ತಕದಲ್ಲೂ ಇಷ್ಟು ಸರಿಯಾದ ಮಾತು ಸಿಕ್ಕಿಲ್ಲ.

ಅಜ್ಜಿಯ ಹಿತ್ತಿಲಿನ ಮೂಲೆಯಲ್ಲಿ ಹಳೆಯ ಹಿಪ್ಪುನೇರಳೆ ಮರವಿದೆ. ನಮ್ಮ ಕಡೆ ಸೊಂಟದೆತ್ತರಕ್ಕೆ ಕತ್ತರಿಸುವ ಗಿಡ ಇಲ್ಲಿ ನೆರಳಿಗೆಂದು ಮನೆಯೆತ್ತರ ಬೆಳೆದಿದೆ. ಅಮ್ಮ ಅದನ್ನು ತವರಿನವರನ್ನು ಕಂಡ ಹಾಗೆ ಮುಟ್ಟಿ ನೋಡಿದಳು. ಅಂದಿನಿಂದ ಸೊಪ್ಪಿನ ಕೆಲಸ ಅವಳದೇ. ಬಲಿತ ಎಲೆ ಯಾವುದು, ಧೂಳು ಹಿಡಿದದ್ದು ಯಾವುದು ಎಂದು ನೋಡಿ ಕೀಳುವಳು, ಹುಲ್ಲಿನ ಮೇಲೆ ಹಿಡಿಯಷ್ಟು ಉದುರಿಸಿ ಬರುವಳು. ಒಂದು ಸಂಜೆ ರಸ್ತೆಯಾಚೆಯ ಬೇಲಿಯಿಂದ ಪೂಜೆಗೆಂದು ಬುಟ್ಟಿ ತುಂಬ ಕಣಗಿಲೆ ತಂದಿದ್ದಳು. ಇಲ್ಲಿ ಬಿಸಿಲು ತಡೆಯುತ್ತದೆಂದು ಕಣಗಿಲೆಯನ್ನು ಬೇಲಿಗೆ ಹಾಕುವುದು ಹೆಚ್ಚು. ಹೂವು, ಎಲೆ, ಕಡ್ಡಿ ಎಲ್ಲವೂ ವಿಷ, ಒಣಗಿದ ಮೇಲೂ ವಿಷ. ಬಿಸ್ಕೆಟ್ ಕೆಂಪು ಗುಲಾಬಿ ಬಣ್ಣದ ಏನು ಕಂಡರೂ ಬಾಯಿ ಹಾಕುತ್ತದೆ. ಒಮ್ಮೆ ಅಜ್ಜಿಯ ಕೆಂಪು ಚಪ್ಪಲಿಯ ಪಟ್ಟಿ ಕಚ್ಚಿ ಎಳೆದಾಡಿತ್ತು. ಬುಟ್ಟಿಯನ್ನು ಅಮ್ಮನೇ ಗೋಡೆಯ ಹತ್ತಿರಕ್ಕೂ ಸುಳಿಯದಂತೆ ಒಳಗೆ ಕೊಂಡುಹೋದಳು. ಗರಿಕೆ, ದಾಸವಾಳ, ಕಣಗಿಲೆ ಮೂರೂ ನಮ್ಮ ಪೂಜೆಯ ತಟ್ಟೆಯಲ್ಲಿ ಒಟ್ಟಿಗೇ ಇರುತ್ತವೆ. ಮೊದಲೆರಡು ಅದಕ್ಕೆ ಅನ್ನ, ಮೂರನೆಯದು ಸಾವು.

ಊಟ ಬಿಟ್ಟರೆ ಉಳಿದದ್ದು ಬಿಲ ಮತ್ತು ಚಳಿ. ಸುಲ್ಕಾಟಾ ಬಿಸಿಲಿಗೆ ನೆಲ ತೋಡಿ ಒಳಗೆ ಹೋಗುತ್ತದೆ, ಮೀಟರುಗಟ್ಟಲೆ. ತಡೆಯದೆ ಬಿಟ್ಟರೆ ಗೋಡೆಯ ಬುಡವೇ ಟೊಳ್ಳಾಗುತ್ತದೆ. ಅದಕ್ಕೇ ಅಜ್ಜಿಯ ಗಂಡ ಗೋಡೆಯ ಉದ್ದಕ್ಕೂ ನೆಲದೊಳಗೆ ಕಲ್ಲು ಹೂಳಿಸಿ, ನಡುವೆ ತಾವೇ ಬಿಲ ಮಾಡಿಕೊಟ್ಟಿದ್ದರು. ಚಳಿಗಾಲಕ್ಕೆ ಇಲ್ಲಿನ ಸ್ಥಳೀಯ ಮರುಭೂಮಿ ಆಮೆಗಳು ನಿದ್ದೆ ಹೋಗುತ್ತವೆ. ಸುಲ್ಕಾಟಾಕ್ಕೆ ಆ ವಿದ್ಯೆ ಗೊತ್ತಿಲ್ಲ. ಜನವರಿಯ ರಾತ್ರಿಗಳಲ್ಲಿ ಬೆಚ್ಚನೆಯ ಗೂಡು ಬೇಕು. ಅಜ್ಜಿಯ ಮನೆಯದು ಒಳಗೆ ದಪ್ಪ ಥರ್ಮಾಕೋಲ್ ಹೊದಿಸಿದ ಮರದ ಗೂಡು, ಬಾಗಿಲಿಗೆ ಪ್ಲಾಸ್ಟಿಕ್ ಪಟ್ಟಿಗಳು, ಒಳಗೆ ಥರ್ಮೋಸ್ಟಾಟ್ ಇರುವ ಎಣ್ಣೆಯ ಹೀಟರ್. ಬಲ್ಬಿನ ಬಿಸಿ ಇಡಬಾರದೆಂದು ಅವರ ಕಟ್ಟಪ್ಪಣೆ: ಒಣಹುಲ್ಲಿಗೆ ತಾಗಿದರೆ ಗೂಡೇ ಉರಿಯುತ್ತದೆ. ಮರುಭೂಮಿಯ ಪ್ರಾಣಿಗೆ ನೀರು ಬೇಡ ಎಂಬುದು ಇನ್ನೊಂದು ನಂಬಿಕೆ. ಬಿಸ್ಕೆಟ್‌ನ ಚಿಪ್ಪಿನ ಮೇಲೆ ಗುಡ್ಡಗಳ ಹಾಗೆ ಎದ್ದಿರುವ ಉಬ್ಬುಗಳು ಆ ನಂಬಿಕೆಯ ಗುರುತು. ಮರಿಯಿದ್ದಾಗ ಒಣಗಿಸಿ ಸಾಕಿ ಎಂದೇ ಆಗ ಎಲ್ಲರೂ ಹೇಳುತ್ತಿದ್ದರು. ತಗ್ಗು ತೊಟ್ಟಿಯಲ್ಲಿ ನೀರಿಟ್ಟರೆ ಅದು ಇಳಿದು ಕೂತು, ಮೂಗು ಮುಳುಗಿಸಿ ಎಷ್ಟೋ ಹೊತ್ತು ಕುಡಿಯುತ್ತದೆ. ಕೊನೆಗೆ ಬಿಳಿಯ ಗಷ್ಟನೆಯ ಮೂತ್ರ ಬರುತ್ತದೆ. ಅದು ಪೇಸ್ಟಿನ ಹಾಗೆ ಮೆತ್ತಗಿರಬೇಕು, ಮರಳಿನ ಹಾಗೆ ಕೈಗೆ ಸಿಕ್ಕಬಾರದು. ಅಮ್ಮ ಇದನ್ನೂ ಹುಳದ ಹಿಕ್ಕೆ ನೋಡಿದಷ್ಟೇ ಶ್ರದ್ಧೆಯಿಂದ ನೋಡುತ್ತಿದ್ದಳು.

ಅಜ್ಜಿ ವೃದ್ಧರ ವಸತಿಗೆ ಹೋಗುವುದೆಂದು ತೀರ್ಮಾನವಾದದ್ದು ಅಮ್ಮ ವಾಪಸು ಹೋದ ಮೇಲೆ. ಫೋನಿನಲ್ಲಿ ಮಗ, "ಮರುಭೂಮಿಯ ಪ್ರಾಣಿಯಲ್ಲವೇ, ಮರುಭೂಮಿಗೆ ಬಿಟ್ಟರಾಯಿತು" ಅಂದನಂತೆ. ಅಜ್ಜಿ ನನ್ನೆದುರಿಗೇ ಫೋನಿಟ್ಟು, ಸಹಾರಾ ಇಲ್ಲಿಗೆ ಎಷ್ಟು ದೂರ ಎಂದು ಇವನು ಶಾಲೆಯಲ್ಲಿ ಕಲಿಯಲಿಲ್ಲವೇನೋ ಎಂದರು. ಅವರು ಮೂವತ್ತು ವರ್ಷ ಭೂಗೋಳ ಕಲಿಸಿದ ಮೇಷ್ಟ್ರು. ಹಾಗೆ ಬಿಡುವುದು ಕಾನೂನಿಗೂ ವಿರುದ್ಧ. ಬಿಟ್ಟ ಆಮೆ ಮೊದಲ ಚಳಿಗೇ ಸಾಯಬಹುದು. ಸಾಯುವ ಮೊದಲು ಇಲ್ಲಿನ ಆಮೆಗಳಿಗೆ ಉಸಿರಾಟದ ಸೋಂಕು ದಾಟಿಸಬಹುದು. ಆಮೇಲೆ ನನ್ನ ಕಡೆ ತಿರುಗಿ, ನೀನು ಇಟ್ಟುಕೊಳ್ಳುತ್ತೀಯಾ ಎಂದು ಕೇಳಿದರು.

ಇಲ್ಲ ಎಂದೆ. ಆ ಇಲ್ಲ ಹೇಳಲು ನನಗೆ ಎರಡು ದಿನ ಬೇಕಾಯಿತು. ನಾವು ಬಾಡಿಗೆಯವರು, ಕೆಲಸದ ವೀಸಾದ ಮೇಲಿರುವವರು. ಕೆಲಸ ಹೋದರೆ ಅರವತ್ತು ದಿನದಲ್ಲಿ ಬೇರೆ ಕೆಲಸ ಹಿಡಿಯಬೇಕು, ಇಲ್ಲವೇ ಗಂಟುಮೂಟೆ ಕಟ್ಟಬೇಕು. ಆ ಗಂಟಿನಲ್ಲಿ 42 ಕೆಜಿ ಆಮೆ ಹಿಡಿಸುವುದಿಲ್ಲ. ಗ್ರೀನ್ ಕಾರ್ಡಿನ ಸರದಿಯಲ್ಲಿ ನಮಗಿಂತ ಬಿಸ್ಕೆಟ್‌ಗೇ ತಾಳ್ಮೆ ಮತ್ತು ಆಯಸ್ಸು ಹೆಚ್ಚು ಎಂದು ಗಂಡ ನಗೆಯಾಡಿದ. ನನಗೀಗ ನಲವತ್ತೊಂದು. ಎಲ್ಲ ಸರಿಯಿದ್ದರೂ ಅದು ನನ್ನನ್ನು ಕಳಿಸಿಕೊಟ್ಟು ಉಳಿಯುತ್ತದೆ. ನನ್ನ ಆಸೆ ಬೇರೆ, ಅದಕ್ಕೆ ಬೇಕಾದದ್ದು ಬೇರೆ.

ಊರಿನಲ್ಲಿ ತಮ್ಮನ ಗೆಳೆಯನೊಬ್ಬ ಬೆಂಗಳೂರಿನ ಫ್ಲ್ಯಾಟಿಗೆ ಸುಲ್ಕಾಟಾ ಮರಿ ತರುತ್ತೇನೆಂದು ಹೊರಟಿದ್ದ. ನಮ್ಮ ನಕ್ಷತ್ರ ಆಮೆಯನ್ನು ಮನೆಯಲ್ಲಿಡುವುದು ಅಪರಾಧವೆಂದು ಅವನಿಗೆ ಗೊತ್ತಿತ್ತು. ಅದೃಷ್ಟ ತರುತ್ತದೆಂಬ ನಂಬಿಕೆಗೆ ಆ ಪುಟ್ಟ ಜೀವಗಳನ್ನು ಒಣಭೂಮಿಯಿಂದ ಹೆಕ್ಕಿ ಚೀಲಗಳಲ್ಲಿ ತುಂಬಿ ಸಾಗಿಸುವುದು ಇನ್ನೂ ನಿಂತಿಲ್ಲ. 2019ರಲ್ಲಿ ಅದರ ಅಂತರರಾಷ್ಟ್ರೀಯ ವ್ಯಾಪಾರವನ್ನೇ ನಿಷೇಧಿಸಬೇಕಾಯಿತು. "ಇದು ವಿದೇಶಿ, ತೊಂದರೆಯಿಲ್ಲ ಅಕ್ಕ" ಎಂದ. ವನ್ಯಜೀವಿ ಕಾಯ್ದೆಯ 2022ರ ತಿದ್ದುಪಡಿಯ ಮೇಲೆ ಇಂಥ ವಿದೇಶಿ ಪ್ರಾಣಿಗಳನ್ನೂ ನೋಂದಾಯಿಸಬೇಕು ಎಂದು ಹೇಳಿದೆ. ಅದಕ್ಕಿಂತ ನಾಟಿದ್ದು ಬೇರೆ ಪ್ರಶ್ನೆ. ನಿನ್ನ ಮಗಳಿಗೆ ಈಗ ಆರು ವರ್ಷ. ಅವಳು ಅಜ್ಜಿಯಾದಾಗ ಇದನ್ನು ಯಾವ ಬಾಲ್ಕನಿಯಲ್ಲಿ ಇಡುತ್ತಾಳೆ? ಅವನು ಸದ್ಯಕ್ಕೆ ಸುಮ್ಮನಾಗಿದ್ದಾನೆ.

ಬಿಸ್ಕೆಟ್‌ಗೆ ಮನೆ ಹುಡುಕಲು ನಾಲ್ಕು ತಿಂಗಳು ಹಿಡಿಯಿತು. ಫೋನ್ ಮಾಡಿದ ಆಸರೆಯ ಜಾಗಗಳು ತುಂಬಿದ್ದವು. ಬಂದು ನೋಡಿದವರಲ್ಲಿ ಕೆಲವರಿಗೆ ನಾಯಿಗಳಿದ್ದವು, ಒಬ್ಬರಿಗೆ ಬೇಲಿ ಹಾಕದ ಈಜುಕೊಳ, ಆಮೆ ಮುಳುಗುತ್ತದೆ. ಇನ್ನೊಬ್ಬರ ಬಳಿ ಆಗಲೇ ಒಂದು ಗಂಡು ಸುಲ್ಕಾಟಾ ಇತ್ತು. ಎರಡು ಗಂಡು ಸೇರಿದರೆ ಒಂದನ್ನೊಂದು ಮಗುಚಿ ಹಾಕುತ್ತವೆ, ಮಗುಚಿದ್ದು ಬಿಸಿಲಿಗೆ ಸಾಯುತ್ತದೆ. ಕೊನೆಗೆ ಕ್ವೀನ್ ಕ್ರೀಕ್‌ನಲ್ಲಿ ಒಂದೆಕರೆ ಗರಿಕೆಯ ಹುಲ್ಲುಗಾವಲಿದ್ದ ಒಂದು ಕುಟುಂಬ ಸಿಕ್ಕಿತು. ಅಜ್ಜಿ ಅವರ ಮನೆ ಎಷ್ಟು ದೊಡ್ಡದೆಂದು ಕೇಳಲಿಲ್ಲ. ಒಬ್ಬೊಬ್ಬರ ವಯಸ್ಸು ಕೇಳಿ ಬರೆದುಕೊಂಡರು. ಕಿರಿಯಳಿಗೆ ಹದಿಮೂರು. ಅವಳನ್ನೇ ಮುಂದೆ ಕೂರಿಸಿಕೊಂಡು, ನೀನು ಕಾಲೇಜಿಗೆ ಹೋದಾಗ ಯಾರು, ಮದುವೆಯಾಗಿ ಬೇರೆ ಊರಿಗೆ ಹೋದಾಗ ಯಾರು ಎಂದು ವಿಚಾರಿಸಿದರು. ಸಾಕುಪ್ರಾಣಿಯ ಪಾಲನೆಗೆಂದು ಟ್ರಸ್ಟ್ ಮಾಡಲು ಇಲ್ಲಿನ ಕಾನೂನಿನಲ್ಲಿ ಅವಕಾಶವಿದೆ. ವಕೀಲರನ್ನು ಕರೆಸಿ ಹುಲ್ಲಿಗೆ, ಗೂಡಿನ ಕರೆಂಟಿಗೆ, ವೈದ್ಯರಿಗೆ ಎಂದು ಹಣ ತೆಗೆದಿಟ್ಟರು. ನಾನು ಮಾಡಿದ್ದು ಒಂದು ನೋಟ್‌ಬುಕ್: ತಿಂಗಳಿಗೊಮ್ಮೆಯ ತೂಕ, ಸೊಪ್ಪುಗಳ ಚಿತ್ರ, ಕಣಗಿಲೆಯ ಚಿತ್ರದ ಮೇಲೆ ಕೆಂಪು ಅಡ್ಡಗೆರೆ, ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಬೇಕು ಎಂಬ ಸೂಚನೆ, ಏಕೆಂದರೆ ಆಮೆಯ ಮೈಮೇಲೆ ಸಾಲ್ಮೊನೆಲ್ಲಾ ಇರುತ್ತದೆ.

ನಾಲ್ಕು ಜನ ದಪ್ಪ ಟಾರ್ಪಾಲಿನ ಮೇಲೆ ಅದನ್ನೆತ್ತಿ ಟ್ರಕ್ಕಿಗೆ ಏರಿಸಿದರು. ಹೆದರಿದ ಆಮೆ ಕೂಡಿಟ್ಟ ನೀರನ್ನೆಲ್ಲ ಸುರಿಸಿಬಿಡುತ್ತದೆ, ಹೋದ ಕೂಡಲೇ ತೊಟ್ಟಿಯಲ್ಲಿ ಕೂರಿಸಿ ಎಂದು ಅಜ್ಜಿ ವಾಕರ್ ಹಿಡಿದು ನಿಂತೇ ಎರಡು ಸಲ ಹೇಳಿದರು. ಅಳಲಿಲ್ಲ. ಟ್ರಕ್ ತಿರುವಿನಲ್ಲಿ ಮರೆಯಾದ ಮೇಲೆ, ಗೂಡಿನ ಹೀಟರ್ ಆರಿಸಿದ್ದೀಯಾ ನೋಡು ಎಂದರು.

ರಾತ್ರಿ ಅಮ್ಮನಿಗೆ ಫೋನ್ ಮಾಡಿದೆ. "ಆ ಮನೇಲಿ ಹಿಪ್ಪುನೇರಳೆ ಇದ್ಯಾ?" ಅದು ಅವಳ ಮೊದಲ ಪ್ರಶ್ನೆ.

"ಇಲ್ಲಮ್ಮ."

"ಅಜ್ಜಿ ಮನೆ ಮರದ್ದೇ ಕಡ್ಡಿ ಕೊಯ್ದು ಕೊಡು. ಮೂರು ನಾಲ್ಕು ಕಣ್ಣಿರೋ ಬಲಿತ ಕಡ್ಡಿ ನೋಡಿ ಕೊಯ್ಯಿ. ಒಂದು ಕಣ್ಣು ಮೇಲೆ ಬಿಟ್ಟು ಉಳಿದದ್ದು ಮಣ್ಣೊಳಗೆ ಹೋಗ್ಬೇಕು ಅಂತ ಆ ಹುಡುಗಿಗೆ ಹೇಳು. ತಲೆಕೆಳಗಾಗಿ ನೆಟ್ಟುಬಿಟ್ಟಾಳು."